ಒಂದೇ ಉಚ್ಚಾರ, ಎರಡು ಪಾಠಶಾಲೆ

ಸ್ಪ್ಯಾನಿಷ್‌ನಲ್ಲಿ ಸ್ವರಗಳು ಐದೇ. ಕನ್ನಡದಲ್ಲಿರುವಂಥ ಹ್ರಸ್ವ–ದೀರ್ಘಗಳ ಭೇದ ಅದಕ್ಕಿಲ್ಲ. ಹಾಗಾಗಿ ನಮ್ಮ ಕಿವಿಗೆ ಸಲೀಸಾಗಿ ಬೇರೆಬೇರೆ ಕೇಳುವ ಇಂಗ್ಲಿಷಿನ ‘ಶಿಪ್’, ‘ಶೀಪ್’ ಆ ಮನೆಮಾತಿನವರಿಗೆ ಹೆಚ್ಚುಕಡಿಮೆ ಒಂದೇ. ಬಿ, ವಿ ಅಕ್ಷರಗಳಿಗೂ ಅಲ್ಲಿ ಒಂದೇ ಧ್ವನಿ. ‘ಸ್ಕ’, ‘ಸ್ಟ’ದಂಥ ಒತ್ತಕ್ಷರದಿಂದ ಪದ ಆರಂಭವಾಗುವ ರೂಢಿಯಿಲ್ಲದ್ದರಿಂದ ‘ಸ್ಕೂಲ್’ ಎಂಬುದು ‘ಎಸ್ಕೂಲ್’ ಆಗುತ್ತದೆ, ನಮ್ಮ ಹಳ್ಳಿಗಳಲ್ಲಿ ‘ಇಸ್ಕೂಲು’ ಆದ ಹಾಗೆಯೇ. ಇವು ಪೂರ್ತಿ ಭಾಷಾಶಾಸ್ತ್ರದ ಸಂಗತಿಗಳು, ಯಾರ ಬುದ್ಧಿಗೂ ಯೋಗ್ಯತೆಗೂ ಸಂಬಂಧಿಸಿದವಲ್ಲ. ಆದರೆ ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಈ ಉಚ್ಚಾರವನ್ನು ತಿದ್ದಿದ ಚರಿತ್ರೆಯನ್ನು ನೋಡಿದರೆ, ಪಾಠದ ರೀತಿಯನ್ನು ನಿರ್ಧರಿಸಿದ್ದು ಧ್ವನಿಗಳಿಗಿಂತ ಹೆಚ್ಚಾಗಿ ಕಲಿಯುವವನ ಸ್ಥಾನಮಾನ ಎಂದೇ ನನಗೆ ತೋರುತ್ತದೆ.

1941ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಫ್ರೈಸ್ ಇಂಗ್ಲಿಷ್ ಲ್ಯಾಂಗ್ವೇಜ್ ಇನ್‌ಸ್ಟಿಟ್ಯೂಟನ್ನು ಆರಂಭಿಸಿದರು. ಯುದ್ಧದ ನೆರಳಿನಲ್ಲಿ ಅಮೆರಿಕಕ್ಕೆ ದಕ್ಷಿಣದ ನೆರೆಹೊರೆಯ ಸ್ನೇಹ ಬೇಕಾಗಿತ್ತು. ಮೊದಲ ವಿದ್ಯಾರ್ಥಿಗಳು ಲ್ಯಾಟಿನ್ ಅಮೆರಿಕದಿಂದ ಬಂದ ಸುಶಿಕ್ಷಿತರು, ಒಂದರ್ಥದಲ್ಲಿ ಅತಿಥಿಗಳು. ಕಲಿಯುವವನ ಮನೆಮಾತನ್ನೂ ಇಂಗ್ಲಿಷನ್ನೂ ಅಕ್ಕಪಕ್ಕ ಇಟ್ಟು, ಎಲ್ಲಿ ಧ್ವನಿಗಳು ಹೊಂದುವುದಿಲ್ಲವೋ ಅಲ್ಲಿ ಪಾಠ ಕಟ್ಟಬೇಕು ಎಂಬುದು ಫ್ರೈಸ್ ಅವರ ನಿಲುವು. ಅದನ್ನು ಬೆಳೆಸಿದವರು ರಾಬರ್ಟ್ ಲಾಡೊ. ಸ್ಪೇನ್‌ನಿಂದ ವಲಸೆ ಬಂದ ತಂದೆತಾಯಿಗೆ ಫ್ಲಾರಿಡಾದಲ್ಲಿ ಹುಟ್ಟಿ, ಸ್ಪೇನ್‌ನಲ್ಲಿ ಬೆಳೆದು ಮರಳಿದ ಲಾಡೊ ಎರಡೂ ಭಾಷೆಗಳನ್ನು ಒಳಗಿನಿಂದ ಬಲ್ಲವರು. 1957ರ ‘ಲಿಂಗ್ವಿಸ್ಟಿಕ್ಸ್ ಅಕ್ರಾಸ್ ಕಲ್ಚರ್ಸ್’ ಕೃತಿಯಲ್ಲಿ ಅವರು ಈ ಹೋಲಿಕೆಯನ್ನೇ ಒಂದು ವಿಧಾನವಾಗಿ ನಿಲ್ಲಿಸಿದರು. ವ್ಯಾಕರಣದಲ್ಲಿ ಆ ವಿಧಾನ ಊಹಿಸಿದ ತಪ್ಪುಗಳೆಲ್ಲ ನಿಜವಾಗಲಿಲ್ಲ ಎಂದು ಮುಂದಿನ ವಿದ್ವಾಂಸರು ತೋರಿಸಿದ್ದಾರೆ. ಉಚ್ಚಾರದ ಮಟ್ಟಿಗೆ ಮಾತ್ರ ಅದು ಬಹುಪಾಲು ಗಟ್ಟಿಯಾಗಿಯೇ ನಿಂತಿದೆ. ಅದರ ಘನತೆ ಇರುವುದು ಅದರೊಳಗಿನ ಒಂದು ಒಪ್ಪಿಗೆಯಲ್ಲಿ: ತಪ್ಪಿಗೆ ಕಾರಣವಿದೆ, ಆ ಕಾರಣ ಇನ್ನೊಂದು ಭಾಷೆಯ ಅಚ್ಚುಕಟ್ಟಾದ ವ್ಯವಸ್ಥೆ.

ಅದೇ ಕಾಲದಲ್ಲಿ ಟೆಕ್ಸಸ್ ಬೇರೆಯೇ ದಾರಿ ಹಿಡಿದಿತ್ತು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಹೇಳುವುದನ್ನು 1918ರ ಕಾನೂನು ಅಪರಾಧವಾಗಿಸಿತ್ತು. ಆಟದ ಬಯಲಲ್ಲಿ ಸ್ಪ್ಯಾನಿಷ್ ಆಡಿದ ಮಕ್ಕಳಿಗೆ ಏಟು ಬೀಳುತ್ತಿತ್ತು. ಮಾರ್ಫಾ ಎಂಬ ಊರಿನ ಬ್ಲ್ಯಾಕ್‌ವೆಲ್ ಶಾಲೆ ಮೆಕ್ಸಿಕನ್ ಮೂಲದ ಮಕ್ಕಳಿಗೆಂದೇ ಪ್ರತ್ಯೇಕವಾಗಿಟ್ಟದ್ದು. 1954ರಲ್ಲಿ ಅಲ್ಲಿ ಮಕ್ಕಳಿಂದ ಚೀಟಿ ಬರೆಸಿ, ಅವನ್ನು ಪೆಟ್ಟಿಗೆಯಲ್ಲಿಟ್ಟು, ‘ಮಿಸ್ಟರ್ ಸ್ಪ್ಯಾನಿಷ್’ನ ಅಂತ್ಯಕ್ರಿಯೆ ಎಂದು ಮಣ್ಣು ಮಾಡಿಸಿದರು. ತಾಯಿಯೊಡನೆ ಆಡುವ ಮಾತನ್ನು ಮಗುವಿನ ಕೈಯಲ್ಲೇ ಹೂಳಿಸುವುದಕ್ಕಿಂತ ಕ್ರೂರವಾದ ಭಾಷಾಪಾಠ ನನ್ನ ಊಹೆಗೆ ನಿಲುಕದು. ದೊಡ್ಡವರಾದ ಮೇಲೂ ಇದು ತಪ್ಪಲಿಲ್ಲ. ಟೆಕ್ಸಸ್‌ನ ಪ್ಯಾನ್ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ತಮ್ಮಂಥ ಚಿಕಾನೊ, ಅಂದರೆ ಮೆಕ್ಸಿಕನ್ ಮೂಲದ, ವಿದ್ಯಾರ್ಥಿಗಳೆಲ್ಲ ಉಚ್ಚಾರದ ಎಳೆ ಅಳಿಸಲೆಂದೇ ಎರಡು ಭಾಷಣ ತರಗತಿಗಳಿಗೆ ಕಡ್ಡಾಯವಾಗಿ ಕೂರಬೇಕಿತ್ತೆಂದು ಲೇಖಕಿ ಗ್ಲೋರಿಯಾ ಅನ್ಸಾಲ್ದುವಾ 1987ರಲ್ಲಿ ದಾಖಲಿಸಿದ್ದಾರೆ.

ಆ ಶಿಕ್ಷಕರ ಉದ್ದೇಶ ಕೆಟ್ಟದ್ದಾಗಿರಲಿಲ್ಲ, ಇಂಗ್ಲಿಷ್ ಬಾರದ ಮಗುವಿಗೆ ನಾಳೆ ಕೆಲಸ ಸಿಗದು ಎಂಬ ಕಳಕಳಿಯಿತ್ತು ಎಂದು ವಾದಿಸಬಹುದು. ಕಳಕಳಿಯನ್ನು ಅಲ್ಲಗಳೆಯುವುದಿಲ್ಲ. ಆದರೆ ‘ಶಿಪ್’ ಏಕೆ ‘ಶೀಪ್’ ಆಗುತ್ತದೆಂದು ತಿಳಿಯಲು ಮಗುವಿನ ಸ್ಪ್ಯಾನಿಷ್ಷೇ ಕೀಲಿಕೈ. ಅದನ್ನು ಬಾಯಿಬಿಡದಂತೆ ಮಾಡಿದ ಶಾಲೆ ತನ್ನ ಅತ್ಯುತ್ತಮ ಸಾಧನವನ್ನೇ ಕಳೆದುಕೊಂಡಿತು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಮಿಷಿಗನ್‌ನವರೂ ಇಂಗ್ಲಿಷ್ ಮನೆಮಾತಿನವರಂತೆಯೇ ನುಡಿಸಲು ಗಿಳಿಪಾಠ ಮಾಡಿಸಿದರಲ್ಲವೇ? ಹೌದು, ಗುರಿಯ ವಿಷಯದಲ್ಲಿ ಎರಡು ಶಾಲೆಗಳ ಅಂತರ ನಾವು ಬಯಸುವಷ್ಟಿಲ್ಲ. ಕೇಳುವವನಿಗೆ ಆಯಾಸವಿಲ್ಲದೆ ಅರ್ಥವಾದರೆ ಸಾಕು ಎಂದು ಬ್ರಿಟನ್ನಿನ ಧ್ವನಿಶಾಸ್ತ್ರಜ್ಞ ಡೇವಿಡ್ ಅಬರ್‌ಕ್ರೋಂಬಿ 1949ರಲ್ಲೇ ಹೇಳಿದ್ದರು. ಬಲವಾದ ಪರಭಾಷಾ ಛಾಯೆಯಿದ್ದರೂ ಮಾತು ಪೂರ್ತಿ ಅರ್ಥವಾಗಬಲ್ಲದೆಂದು ಸಂಶೋಧಕರಾದ ಮನ್ರೋ ಮತ್ತು ಡರ್ವಿಂಗ್ 1995ರಲ್ಲಿ ಪ್ರಯೋಗದಿಂದ ತೋರಿಸಿದರು. ಹಾಗಿರುವಾಗ ಛಾಯೆಯನ್ನು ಅಳಿಸಲೇಬೇಕೆಂಬ ಹಟಕ್ಕೆ ಸ್ಪಷ್ಟತೆಯ ಕಾರಣ ಸಾಲದು.

ಅರಿಜೋನಾ ಇದಕ್ಕೆ ಇತ್ತೀಚಿನ ಸಾಕ್ಷಿ. 1990ರ ದಶಕದಲ್ಲಿ ಅಲ್ಲಿ ದ್ವಿಭಾಷಾ ಶಿಕ್ಷಣಕ್ಕಾಗಿ ಸ್ಪ್ಯಾನಿಷ್ ಮನೆಮಾತಿನ ಶಿಕ್ಷಕರನ್ನು ನೇಮಿಸಿಕೊಂಡರು. 2000ದಲ್ಲಿ ಮತದಾರರು ಇಂಗ್ಲಿಷ್ ಮಾಧ್ಯಮವನ್ನೇ ಕಡ್ಡಾಯಗೊಳಿಸಿದರು. 2010ರ ಹೊತ್ತಿಗೆ ಅಧಿಕಾರಿಗಳು ತರಗತಿಗಳಲ್ಲಿ ಕುಳಿತು ಶಿಕ್ಷಕರ ಉಚ್ಚಾರದ ತಪ್ಪುಗಳನ್ನು ಗುರುತುಹಾಕಿಕೊಳ್ಳುತ್ತಿದ್ದರು. ಕೇಂದ್ರ ಸರ್ಕಾರದ ತನಿಖೆಯ ಬಳಿಕ, 2011ರಲ್ಲಿ, ರಾಜ್ಯ ಈ ತಪಾಸಣೆಯನ್ನು ಕೈಬಿಟ್ಟಿತು. ಒಂದು ದಶಕದಲ್ಲಿ ಅರ್ಹತೆಯಾಗಿದ್ದ ಮನೆಮಾತಿನ ದನಿ ಮತ್ತೊಂದು ದಶಕದಲ್ಲಿ ದೋಷವಾಯಿತು. ಆ ನಡುವೆ ಬದಲಾದದ್ದು ಕಾನೂನು.