ಟ್ರೆಡ್‌ಮಿಲ್ಲಿನ ವಂಶಾವಳಿ

ಮನೆಯ ಟ್ರೆಡ್‌ಮಿಲ್ಲಿನ ಮೂಲವನ್ನು ಸಾಮಾನ್ಯವಾಗಿ ಇಂಗ್ಲೆಂಡಿನ ಸೆರೆಮನೆಯಲ್ಲಿ ಹುಡುಕುತ್ತಾರೆ. 1818ರಲ್ಲಿ ಎಂಜಿನಿಯರ್ ವಿಲಿಯಂ ಕ್ಯೂಬಿಟ್ ರೂಪಿಸಿದ ಮೆಟ್ಟಿಲುಚಕ್ರವನ್ನು ಕೈದಿಗಳು ಗಂಟೆಗಟ್ಟಲೆ ತುಳಿದರು. ಕೆಲವೆಡೆ ಅದು ಧಾನ್ಯ ಬೀಸಿತು, ನೀರೆತ್ತಿತು. ಎಷ್ಟೋ ಕಡೆ ಬರಿದೇ ತಿರುಗಿತು. 1898ರ ಕಾರಾಗೃಹ ಕಾಯ್ದೆಯ ಬಳಿಕ ಆ ಕ್ರೌರ್ಯ ನಿಂತಿತು. ನಮ್ಮ ಯಂತ್ರದ ಹುಟ್ಟು ಬೇರೆಯದೇ ಎಂದು ನನಗನ್ನಿಸುತ್ತದೆ. ಅದಕ್ಕೆ ಅದರ ಕಾಯಿಲೆಗಳೇ ಸಾಕ್ಷಿ.

ಸೆರೆಮನೆಯ ಚಕ್ರವನ್ನು ತಿರುಗಿಸಿದ್ದು ಮನುಷ್ಯನ ಮೈಭಾರ. 1950ರ ದಶಕದಲ್ಲಿ ಸಿಯಾಟಲ್‌ನ ವೈದ್ಯ ರಾಬರ್ಟ್ ಬ್ರೂಸ್ ಹೃದಯಪರೀಕ್ಷೆಗೆ ಬಳಸಿದ ಯಂತ್ರದಲ್ಲಿ ಮೋಟಾರು ನೆಲವನ್ನೇ ಕಾಲಡಿಯಿಂದ ಹಿಂದಕ್ಕೆಳೆಯಿತು. ಕೆನೆತ್ ಕೂಪರ್ ಅವರ 1968ರ ವ್ಯಾಯಾಮದ ಪುಸ್ತಕ ಓದಿ ವಿಲಿಯಂ ಸ್ಟಾಬ್ ಮನೆಗೆಂದು ಕಟ್ಟಿದ್ದೂ ಇದೇ ಬಗೆಯದು. ಇಂದಿನ ಮನೆಯಂತ್ರದಲ್ಲಿ ಬೆಲ್ಟು ಹಲಗೆಗೆ ಉಜ್ಜಿಕೊಂಡೇ ಸಾಗುತ್ತದೆ, ಹೆಜ್ಜೆ ಬಿದ್ದಾಗಲೆಲ್ಲ ಆ ಉಜ್ಜು ಬಿಗಿಯಾಗುತ್ತದೆ. ನಡುವಿನ ಸಿಲಿಕೋನ್ ಎಣ್ಣೆ ಒಣಗಿದರೆ ಬೆಲ್ಟು ತಡವರಿಸುತ್ತದೆ, ಮೋಟಾರು ಹೆಚ್ಚು ವಿದ್ಯುತ್ತು ಎಳೆದು ಕಾಯುತ್ತದೆ, ಕೊನೆಗೆ ತಾನೇ ನಿಲ್ಲುತ್ತದೆ. ಬೆಲ್ಟು ಸಡಿಲವಾಯಿತೆಂದು ಬೋಲ್ಟು ಬಿಗಿಯುವುದು ಅನೇಕರ ಮೊದಲ ಮದ್ದು. ಎಣ್ಣೆ ನೋಡದೆ ಬಿಗಿದರೆ ರೋಲರಿನ ಬೇರಿಂಗಿಗೂ ಪೆಟ್ಟು. ಸೆರೆಮನೆಯ ಚಕ್ರ, ಮನೆಯಂತ್ರ ಎರಡರಲ್ಲೂ ಮನುಷ್ಯ ನಿಂತಲ್ಲೇ ನಡೆಯುತ್ತಾನಲ್ಲ, ಸಂಬಂಧವಿಲ್ಲವೇ ಎಂದು ಕೇಳಬಹುದು. ಹೊರನೋಟಕ್ಕೆ ಇದೆ, ಒಪ್ಪುತ್ತೇನೆ. ಆದರೆ ರಿಪೇರಿಗೆ ಕೂತವನಿಗೆ ಕ್ಯೂಬಿಟ್‌ನ ಚಕ್ರ ಏನನ್ನೂ ಕಲಿಸದು: ಅಲ್ಲಿ ಜಾರುವ ಬೆಲ್ಟಿರಲಿಲ್ಲ, ಕಾಯುವ ಮೋಟಾರೂ ಇರಲಿಲ್ಲ. ಯಂತ್ರ ನಿಂತರೆ ಮೊದಲು ಪ್ಲಗ್ ಕಿತ್ತು, ಬೆಲ್ಟಿನ ಅಂಚೆತ್ತಿ, ಹಲಗೆ ಒಣಗಿದೆಯೇ ಎಂದು ಮುಟ್ಟಿ ನೋಡಬೇಕು.