ಬೇಡರ ಗುರಿ, ಕೊಡವರ ಪಂದ್ಯ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಗೆ ನೆರೆಯದಾದ ಸುರಪುರದ ಬೇಡರು ಕೋವಿಯ ಗುರಿಗೆ ಹೆಸರಾದವರು. 1705ರಲ್ಲಿ ವಾಗಿನಗೇರಾ ಕೋಟೆಯನ್ನು ಮುತ್ತಿದ ಔರಂಗಜೇಬನ ಸೈನ್ಯಕ್ಕೆ ಆ ಗುರಿಯ ಬಿಸಿ ತಟ್ಟಿತು. 1857ರಲ್ಲಿ ಆಂಗ್ಲರು ಆಯುಧಗಳನ್ನು ಕಸಿಯಹೊರಟಾಗ ಮುಧೋಳದ ಬಳಿಯ ಹಲಗಲಿಯ ಬೇಡರು ತಿರುಗಿಬಿದ್ದರು. ಊರು ಬೆಂಕಿಗೆ ತುತ್ತಾಯಿತು, ಕಥೆ ಲಾವಣಿಯಾಗಿ ಉಳಿಯಿತು.

ಕೊಡಗಿನಲ್ಲಿ ಆದದ್ದು ಬೇರೆ. ಕೊಡವರ ನಿಷ್ಠೆಗೆ ಪ್ರತಿಯಾಗಿ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರಿಗೆ ಆ ಕಾಯಿದೆಯಿಂದ ವಿನಾಯಿತಿ ನೀಡಿದರು. ಕೋವಿ ಮನೆಯಲ್ಲಿಯೇ ಉಳಿಯಿತು. ನಾಟಿಯ ದುಡಿಮೆ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ತೋಕ್‌ಪೂ ಮುಡಿಸಿ ಪೂಜಿಸುತ್ತಾರೆ. ಬಳಿಕ ಎತ್ತರದ ಮರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಹಲಗಲಿಯವರು ಪ್ರಾಣ ಕೊಟ್ಟರೂ ಉಳಿಸಿಕೊಳ್ಳಲಾಗದ ಕೋವಿ ಅಲ್ಲಿ ಇಂದಿಗೂ ಹಬ್ಬದ ಆಟವಾಗಿದೆ.