ಚಿನ್ನ ಕಪ್ಪಾಗಲ್ಲ, ಸವೆಯುತ್ತೆ: 14 ಕ್ಯಾರೆಟ್ ಕಾನೂನಿನಿಂದ ‘ಒನ್ ಗ್ರಾಂ’ ಬಳೆವರೆಗೆ

ಒಡವೆಯಲ್ಲಿ ಎಷ್ಟು ಚಿನ್ನ ಇರಬೇಕು ಅಂತ ನಮ್ಮ ದೇಶದಲ್ಲಿ ಒಮ್ಮೆ ಸರ್ಕಾರವೇ ತೀರ್ಮಾನ ಮಾಡಿತ್ತು. ಜನ ಅದನ್ನ ಒಪ್ಪಲಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಮೊದಲು ಲೋಹದ ಗುಣ ಸ್ವಲ್ಪ ನೋಡಬೇಕು.

ಅಪ್ಪಟ ಚಿನ್ನಕ್ಕೆ ಗಾಳಿ, ನೀರು, ಬೆವರು ಯಾವುದೂ ತಾಗೋದಿಲ್ಲ. ಈಜಿಪ್ಟಿನ ಟೂಟಾಂಖಾಮನ್ ದೊರೆಯ ಮುಖವಾಡ 3,300 ವರ್ಷ ದಾಟಿದರೂ ಹಳದಿಯಾಗೇ ಇದೆ. ಆದರೆ ಚಿನ್ನ ಬಹಳ ಮೆದು. ಅದಕ್ಕೇ ತಾಮ್ರ, ಬೆಳ್ಳಿ ಬೆರೆಸ್ತಾರೆ. 22 ಕ್ಯಾರೆಟ್ ಅಂದರೆ ಶೇ. 91.6 ಚಿನ್ನ. 14 ಕ್ಯಾರೆಟ್ ಅಂದರೆ ಬರೀ ಶೇ. 58.3.

ಇಲ್ಲಿ ಒಂದು ಕೊಡುಕೊಳ್ಳುವಿಕೆ ಇದೆ. 22 ಕ್ಯಾರೆಟ್ ಒಡವೆ ಬಣ್ಣಗೆಡೋದು ತೀರಾ ಕಡಿಮೆ, ಆದರೆ ಉಜ್ಜಿ ಉಜ್ಜಿ ಸವೆಯುತ್ತೆ. ದಿನವೂ ಹಾಕೋ ತಾಳಿ ಸರದ ಕೊಂಡಿಗಳು ವರ್ಷಗಳಲ್ಲಿ ತೆಳ್ಳಗಾಗೋದು ಹಾಗೆ. 14 ಕ್ಯಾರೆಟ್ ಗಟ್ಟಿ, ಸವೆತ ಕಡಿಮೆ, ಆದರೆ ಅದರೊಳಗಿನ ತಾಮ್ರ, ಬೆಳ್ಳಿಗೆ ಬೆವರು ಮತ್ತು ಗಾಳಿಯಲ್ಲಿರೋ ಗಂಧಕ ತಾಗಿ ಹೊಳಪು ಮಂಕಾಗಬಹುದು.

ಈಗ 1963ಕ್ಕೆ ಬನ್ನಿ. ಚೀನಾ ಯುದ್ಧ ಆಗಷ್ಟೇ ಮುಗಿದಿತ್ತು. ವಿದೇಶಿ ವಿನಿಮಯದ ಕೊರತೆ, ಚಿನ್ನದ ಕಳ್ಳಸಾಗಣೆ ಬೇರೆ. ಆ ಜನವರಿಯಲ್ಲಿ ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣ ನಿಯಮ ತಂದರು. 14 ಕ್ಯಾರೆಟ್‌ಗಿಂತ ಶುದ್ಧವಾದ ಹೊಸ ಒಡವೆ ಮಾಡೋ ಹಾಗಿಲ್ಲ ಅಂದರು. ಚಿನ್ನದ ಮೋಹ ಇಳಿದರೆ ಬೇಡಿಕೆ ಇಳಿಯುತ್ತೆ ಅನ್ನೋದು ಲೆಕ್ಕ.

ನನ್ನಂಥ ಎಂಜಿನಿಯರ್ ಕಣ್ಣಿಗೆ 14 ಕ್ಯಾರೆಟ್ ಒಳ್ಳೆ ಆಯ್ಕೆ ಅಂತಲೇ ಕಾಣುತ್ತೆ, ಗಟ್ಟಿ ಅಲ್ವಾ? ಆದರೆ ನಮ್ಮ ಮನೆಗಳಲ್ಲಿ ಒಡವೆ ಅಂದರೆ ಬರೀ ಅಲಂಕಾರ ಅಲ್ಲ. ಮಳೆ ಕೈಕೊಟ್ಟಾಗ, ಮಗಳ ಮದುವೆಗೆ, ಆಸ್ಪತ್ರೆ ಖರ್ಚಿಗೆ ಅಡವಿಡೋಕೆ ಹೆಂಗಸರ ಕೈಯಲ್ಲಿದ್ದ ಆಸ್ತಿ ಅದೊಂದೇ. ಅವರ ಪ್ರಶ್ನೆ ‘ಎಷ್ಟು ವರ್ಷ ಹೊಳೆಯುತ್ತೆ’ ಅಂತಲ್ಲ, ‘ಕರಗಿಸಿದರೆ ಎಷ್ಟು ಉಳಿಯುತ್ತೆ’ ಅಂತ.

ಪೆಟ್ಟು ಬಿದ್ದದ್ದು ಅಕ್ಕಸಾಲಿಗರಿಗೆ. ತಲೆಮಾರುಗಳಿಂದ ಅವರ ಕೈ ಪಳಗಿದ್ದು ಮೆದು ಚಿನ್ನದಲ್ಲಿ. ತಗಡು ಬಡಿಯೋದು, ತಂತಿ ಎಳೆಯೋದು, ಬೆಸುಗೆ ಎಲ್ಲ ಅದಕ್ಕೇ ಹೊಂದಿಕೊಂಡಿತ್ತು. ಗಿರಾಕಿಯೂ ಬರಲಿಲ್ಲ. ಅನೇಕರು ಕೆಲಸ ಕಳೆದುಕೊಂಡರು, ಆತ್ಮಹತ್ಯೆಗಳೂ ಆದವು. ಕೊನೆಗೆ 1966ರಲ್ಲಿ 14 ಕ್ಯಾರೆಟ್ ನಿರ್ಬಂಧ ಹೋಯಿತು. ಆದರೆ 1968ರಲ್ಲಿ ಚಿನ್ನ ನಿಯಂತ್ರಣ ಕಾಯಿದೆ ಬಂತು, ಅದು ರದ್ದಾಗಿದ್ದು 1990ರಲ್ಲಿ.

ಚಿನ್ನ ಕೊಳ್ಳೋಕಾಗದವರಿಗೆ ಇನ್ನೊಂದು ದಾರಿ ಇತ್ತು: ಲೇಪ, ನಮ್ಮ ಮಾತಲ್ಲಿ ಗಿಲೀಟು. ಹಿಂದೆ ಚಿನ್ನವನ್ನ ಪಾದರಸದಲ್ಲಿ ಬೆರೆಸಿ ಬಳಿದು, ಕಾಯಿಸಿ ಪಾದರಸ ಹಾರಿಸ್ತಿದ್ದರು. ಆ ಹೊಗೆ ಕೆಲಸಗಾರರ ನರಗಳನ್ನೇ ತಿಂತಿತ್ತು. 1805ರಲ್ಲಿ ಇಟಲಿಯ ಬ್ರುನ್ಯಾಟೆಲ್ಲಿ ವಿದ್ಯುತ್ತಿನಿಂದ ಚಿನ್ನದ ಲೇಪ ಮಾಡಿ ತೋರಿಸಿದ. 1840ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್‌ಗಳು ಸಯನೈಡ್ ದ್ರಾವಣದ ವಿಧಾನಕ್ಕೆ ಪೇಟೆಂಟ್ ಪಡೆದರು. ಅಲ್ಲಿಂದ ಗಿಲೀಟು ಕಾರ್ಖಾನೆ ಕೆಲಸ ಆಯಿತು. ನಮ್ಮಲ್ಲಿ ಮಚಲೀಪಟ್ಟಣದ ಚಿಲಕಲಪೂಡಿ ರೋಲ್ಡ್ ಗೋಲ್ಡ್‌ಗೆ ಹೆಸರುವಾಸಿ. ಹೈದರಾಬಾದಿನವರಿಗೆ ಗೊತ್ತಿರುತ್ತೆ. ಚೆನ್ನೈನಲ್ಲಿ ಇಂಥದ್ದಕ್ಕೆ ‘ಕವರಿಂಗ್’ ಅಂತಾರೆ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಘನ ಸೆಂಟಿಮೀಟರ್ ಚಿನ್ನದ ತೂಕ 19.3 ಗ್ರಾಂ. ಒಂದು ಗ್ರಾಂ ಚಿನ್ನವನ್ನ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ ದಪ್ಪಕ್ಕೆ ಹರಡಿದರೆ ಸುಮಾರು 518 ಚದರ ಸೆಂಟಿಮೀಟರ್ ಮುಚ್ಚುತ್ತೆ, ಹತ್ತಿರ ಹತ್ತಿರ ಒಂದು ಎ4 ಹಾಳೆ. ಒಂದು ಬಳೆಯ ಮೈ 30 ಚದರ ಸೆಂಟಿಮೀಟರ್ ಅಂತಿಟ್ಟುಕೊಳ್ಳಿ, ಹದಿನೇಳು ಬಳೆಗೆ ಸಾಕು. ಹಾಗಾಗಿ ‘ಒನ್ ಗ್ರಾಂ’ ಅನ್ನೋ ಹೆಸರು ಕೇಳಿ ಒಂದೊಂದು ಬಳೆಯಲ್ಲೂ ಒಂದೊಂದು ಗ್ರಾಂ ಇದೆ ಅಂದುಕೊಳ್ಳಬೇಡಿ.

ಇಷ್ಟು ತೆಳುವಾದ ಪದರದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತೆ. ಬೆವರಿನ ಉಪ್ಪು ಅದರ ಮೂಲಕ ಇಳಿದು ತಾಮ್ರ ಮುಟ್ಟುತ್ತೆ. ತಾಮ್ರದ ಅಣುಗಳೂ ನಿಧಾನವಾಗಿ ಚಿನ್ನದೊಳಗೆ ಹತ್ತಿ ಬರುತ್ತೆ. ಅದನ್ನ ತಡೆಯೋಕೆ ಎಷ್ಟೋ ಕಡೆ ನಡುವೆ ನಿಕ್ಕಲ್ ಪದರ ಹಾಕ್ತಾರೆ, ಕೆಲವರಿಗೆ ಚರ್ಮ ಕೆರೆಯೋದು ಅದರಿಂದಲೇ. ಮುಂಬೈ, ಚೆನ್ನೈನ ಸೆಕೆಯಲ್ಲಿ ಗಿಲೀಟು ಬೇಗ ಮಂಕಾದರೆ ಆಶ್ಚರ್ಯ ಇಲ್ಲ. ಅಲ್ಲಿ ಕಪ್ಪಾಗಿದ್ದು ಚಿನ್ನ ಅಲ್ಲ, ಕೆಳಗಿನ ಲೋಹ. ಒಣಬಟ್ಟೆಯಲ್ಲಿ ಮೆಲ್ಲಗೆ ಒರೆಸಿ ಇಡಿ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಇರೋ ಪದರವೂ ಹೋಗುತ್ತೆ.

2021ರ ಜೂನ್‌ನಿಂದ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯ ಆಯಿತು. ಅಂದು ಜನ ಬೇಡ ಅಂದ ಅದೇ 14 ಕ್ಯಾರೆಟ್‌ಗೆ ಇವತ್ತು ಹಾಲ್‌ಮಾರ್ಕ್ ಇದೆ, ಹರಳಿನ ಒಡವೆಗೆ ಜನ ಇಷ್ಟಪಟ್ಟೇ ತಗೋತಾರೆ. ಲೋಹ ಬದಲಾಗಿಲ್ಲ. ಎಷ್ಟು ಚಿನ್ನ ಇದೆ ಅಂತ ಒಡವೆ ಮೇಲೇ ಬರೆದಿರುತ್ತೆ, ಆರಿಸೋದು ಕೊಳ್ಳೋರು, ಸರ್ಕಾರ ಅಲ್ಲ. 1963ರ ಕಾನೂನು ಕೊಡದೇ ಹೋದದ್ದು ಇವೆರಡನ್ನೇ.